ಜಲಪ್ರವಾಹಗಣಿತದ ಪ್ರಾಮಾಣ್ಯವಿಚಾರ

ಉಬ್ರಾಣಿಯನ್ನೊಳಗೊಂಡ ಚನ್ನಗಿರಿ ಸೀಮೆಯ ಹಳ್ಳಗಳು ಬಹುಮಟ್ಟಿಗೆ ಸೂಳೆಕೆರೆಯನ್ನು ಸೇರುವುವು. ಅಲ್ಲಿಂದ ಹೊರಟ ಹರಿದ್ರಾನದಿಯು ಹರಿಹರದ ಬಳಿ ತುಂಗಭದ್ರೆಯನ್ನು ಕೂಡುವುದು. ಇಂತಹ ಜಲಾನಯನದಲ್ಲಿ ಮಳೆಯಿಂದ ಹರಿವನ್ನು ಊಹಿಸುವ ಗಣಿತಮಾದರಿಗಳೊಳಗೆ ಗ್ರಾಹ್ಯವಾದುದು ಯಾವುದು? ಷರ್ಮನ್ನನ ಏಕಮಾನ ಜಲಲೇಖವು (1932) ಜಲಾನಯನವನ್ನು ಅಖಂಡವೆಂದೆಣಿಸುವುದು. ಈಚಿನ ‘ಸ್ವಾಟ್’ ಮಾದರಿಯು ಮಣ್ಣು, ಇಳಿಜಾರು, ಭೂಬಳಕೆಗಳ ಭೇದದಿಂದ ಅದನ್ನು ವಿಭಾಗಿಸುವುದು. ಇಂಥವುಗಳ ತಾರತಮ್ಯವನ್ನು ನ್ಯಾಷ್, ಸಟ್‌ಕ್ಲಿಫ್ ಎಂಬವರು 1970ರಲ್ಲಿ ಹೇಳಿದ ಅಂಕದಿಂದ ನಿರ್ಣಯಿಸುವುದು ರೂಢಿ. ಅಂಕವು 1 ಆದರೆ ಪೂರ್ಣಸಾಮ್ಯ. 0 ಆದರೆ ಸರಾಸರಿಗಿಂತ ಮೇಲಲ್ಲ. ಪರಂತು ವ್ಯತ್ಯಾಸಗಳ ವರ್ಗವನ್ನು ಕೂಡುವುದರಿಂದ ನೆರೆಯ ದಿನಗಳೇ ಪ್ರಬಲವಾಗಿ, ಬೇಸಗೆಯ ಕಿರುಹರಿವು ಗಣನೆಗೆ ಬಾರದು, ಇದು ಅವ್ಯಾಪ್ತಿದೋಷವು. ಅಮರಕೋಶವು ನೀರನ್ನು ‘ಜೀವನ’ವೆಂದಿತು, ರೈತನಿಗೆ ಆ ಕಿರುಹರಿವೇ ಜೀವನವು. ಆದುದರಿಂದ ನೆರೆಯನ್ನೂ ಕಿರುಹರಿವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ಮೇಲಣ ಸಣ್ಣ ಕೆರೆಗಳು ತಡೆದ ನೀರನ್ನೂ ಗಣಿಸಿದ ಮಾದರಿಗೇ ಪ್ರಾಮಾಣ್ಯವನ್ನು ಒಪ್ಪತಕ್ಕದ್ದು.