ಕಪ್ಪುಕುಳಿಯ ಎರಡನೆಯ ಸ್ವರ

ಗುರುತ್ವ ತರಂಗಗಳ ಮುಂಬರುವ ವೀಕ್ಷಣಾಲಯಗಳನ್ನು ಹೊಗಳುವವರು ಸಾಮಾನ್ಯವಾಗಿ ಸಂಖ್ಯೆಯನ್ನೇ ಮುಂದಿಡುತ್ತಾರೆ: ವರ್ಷಕ್ಕೆ ಲಕ್ಷದಷ್ಟು ಕಪ್ಪುಕುಳಿಗಳ ವಿಲೀನ ಗೋಚರಿಸುವುದಂತೆ! ನಮ್ಮ ಮತದಲ್ಲಿ ತೂಕವಿರುವುದು ಬೇರೆಡೆ. ಕದಡಿದ ಕಪ್ಪುಕುಳಿಯು ಬಡಿದ ಘಂಟೆಯಂತೆ ಮಿಡಿದು ಅಡಗುವುದೆಂಬುದನ್ನು ಬೆಂಗಳೂರಿನ ಸಿ. ವಿ. ವಿಶ್ವೇಶ್ವರರು 1970ರಲ್ಲೇ ಗಣಿತದಿಂದ ತೋರಿಸಿದ್ದರು. ಆ ನಾದದ ಮೊದಲ ಸ್ವರದಿಂದ ಕುಳಿಯ ದ್ರವ್ಯರಾಶಿಯೂ ಭ್ರಮಣವೂ ತಿಳಿಯುವುವು. ಎರಡನೆಯ ಸ್ವರವೂ ಅವನ್ನೇ ನುಡಿದರೆ ಮಾತ್ರ ಐನ್‌ಸ್ಟೈನರ ಸಿದ್ಧಾಂತ ಒರೆಯಲ್ಲಿ ಗೆದ್ದಂತೆ. 4 ಕಿಲೋಮೀಟರ್ ಬಾಹುಗಳ ಲೈಗೋದಲ್ಲಿ ಈ ಎರಡನೆಯ ಸ್ವರ ಸ್ಫುಟವಾಗಿ ಕೇಳಿದುದು 2025ರ ಜನವರಿಯ ಅತಿ ಪ್ರಬಲ ಸಂಕೇತದಲ್ಲಿ. ಅಮೆರಿಕದಲ್ಲಿ ಯೋಜಿಸಿರುವ ಕಾಸ್ಮಿಕ್ ಎಕ್ಸ್‌ಪ್ಲೋರರಿನ 40 ಕಿಲೋಮೀಟರ್ ಬಾಹುಗಳಿಗೆ ಅಂಥ ಪರೀಕ್ಷೆ ವಾಡಿಕೆಯಾದೀತು. 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ, ಹಿಂಗೋಲಿ ಜಿಲ್ಲೆಯ ಲೈಗೋ-ಇಂಡಿಯಾವನ್ನು ಈ ಪಂಕ್ತಿಯಲ್ಲಿ ಕೂರಿಸುವುದು ಸಲ್ಲದು. ಅದರ ಬಾಹುಗಳೂ 4 ಕಿಲೋಮೀಟರೇ. ಅದರ ಮುಖ್ಯ ಉಪಯೋಗ ಅಲೆ ಬಂದ ದಿಕ್ಕನ್ನು ನಿಷ್ಕರ್ಷಿಸುವುದರಲ್ಲಿದೆ.