ಮನಸ್ಸಿನ ಸಾಕ್ಷ್ಯ ಮತ್ತು ವಾಕ್ಯದ ಕರ್ತೃ: ಪುಣೆಯ ಒಂದು ತೀರ್ಪಿನ ಹಿನ್ನೆಲೆಯಲ್ಲಿ

2008ರ ಜೂನ್ ತಿಂಗಳಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯವು ಕೊಲೆ ಪ್ರಕರಣವೊಂದರಲ್ಲಿ ಒಬ್ಬ ಯುವತಿಗೂ ಆಕೆಯ ಪತಿಗೂ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಸಾದದಲ್ಲಿ ಆರ್ಸೆನಿಕ್ ಬೆರೆಸಿ ಕೊಟ್ಟರೆಂಬುದು ಆರೋಪ. ನ್ಯಾಯಾಲಯ ಆಧರಿಸಿದ ಸಾಕ್ಷ್ಯಗಳಲ್ಲಿ ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆಯ ಫಲಿತಾಂಶವೂ ಸೇರಿತ್ತು. ಕೃತ್ಯದ ಬಗ್ಗೆ ಯುವತಿಗೆ ಇದ್ದದ್ದು ಕೇಳಿ ತಿಳಿದ ತಿಳಿವಳಿಕೆಯಲ್ಲ, ಮಾಡಿದವರಿಗೆ ಮಾತ್ರ ಇರಬಹುದಾದ ‘ಅನುಭವಜನ್ಯ ಜ್ಞಾನ’ ಎಂದು ಪರೀಕ್ಷಕರು ಹೇಳಿದರು. ನ್ಯಾಯಾಲಯ ಅದನ್ನು ಒಪ್ಪಿತು. ಶಿಕ್ಷಿತರಿಗೆ ಮುಂದೆ ಉಚ್ಚ ನ್ಯಾಯಾಲಯದಿಂದ ಜಾಮೀನು ದೊರೆಯಿತು. ಆದರೆ ಇಂಥ ಪರೀಕ್ಷೆಯನ್ನು ನೆಚ್ಚಿ ನೀಡಿದ ಶಿಕ್ಷೆಯೆಂದು ಈ ತೀರ್ಪು ದೇಶದ ಹೊರಗೂ ಬಹುವಾಗಿ ಚರ್ಚಿತವಾಯಿತು.

ಕನ್ನಡ ಅಧ್ಯಯನಕ್ಕೆ ಮೀಸಲಾದ ಈ ಪುಟಗಳಲ್ಲಿ ಒಂದು ಕ್ರಿಮಿನಲ್ ತೀರ್ಪಿಗೇನು ಕೆಲಸವೆಂದು ಓದುಗರು ಕೇಳಬಹುದು. ಪ್ರಕರಣ ಕನ್ನಡದಲ್ಲಿ ನಡೆದದ್ದಲ್ಲ. ಆದರೂ ಅದರ ಎಳೆಗಳು ಕರ್ನಾಟಕದವು. ಈ ಪರೀಕ್ಷೆಯನ್ನು ರೂಪಿಸಿದ ಸಿ. ಆರ್. ಮುಕುಂದನ್ ಅವರು ಹಿಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸಾ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು. ಅದೇ ನಿಮ್ಹಾನ್ಸ್‌ನ ನಿರ್ದೇಶಕ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ 2008ರಲ್ಲಿ ಇಂಥ ಪರೀಕ್ಷೆಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು ಅಭಿಪ್ರಾಯಪಟ್ಟಿತು. ಕೊನೆಗೆ 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಪ್ರಕರಣದಲ್ಲಿ, ವ್ಯಕ್ತಿಯ ಸಮ್ಮತಿಯಿಲ್ಲದೆ ಇಂಥ ಪರೀಕ್ಷೆಗಳನ್ನು ನಡೆಸುವುದು ಸಂವಿಧಾನಬಾಹಿರವೆಂದು ತೀರ್ಮಾನಿಸಿತು. ವಿಧಿವಿಜ್ಞಾನವೂ ಕಾನೂನೂ ತಮ್ಮ ಮಾತು ಆಡಿವೆ. ಭಾಷೆಯ ಕಡೆಯಿಂದ ಆಡಬೇಕಾದ ಮಾತು ಉಳಿದಿದೆ ಎಂಬುದು ನಮ್ಮ ಗ್ರಹಿಕೆ.

ಪರೀಕ್ಷೆಯ ವಿಧಾನವನ್ನು ಗಮನಿಸಬೇಕು. ಶಂಕಿತ ವ್ಯಕ್ತಿಯ ತಲೆಗೆ ವಿದ್ಯುದಗ್ರಗಳಿರುವ ಟೋಪಿ ತೊಡಿಸುತ್ತಾರೆ. ಆತ ಕಣ್ಣು ಮುಚ್ಚಿ ಸುಮ್ಮನೆ ಕುಳಿತಿರಬೇಕು, ಉತ್ತರ ಕೊಡಬೇಕಾಗಿಲ್ಲ. ಮೊದಲೇ ಧ್ವನಿಮುದ್ರಿಸಿದ ಚಿಕ್ಕ ಚಿಕ್ಕ ವಾಕ್ಯಗಳನ್ನು ಒಂದಾದಮೇಲೊಂದು ಕೇಳಿಸಲಾಗುತ್ತದೆ. ಕೃತ್ಯವನ್ನು ಹೇಳುವ ವಾಕ್ಯಗಳು ಉತ್ತಮ ಪುರುಷದಲ್ಲಿರುತ್ತವೆ: ನಾನು ಇಂಥದನ್ನು ಕೊಂಡೆ, ಇಂಥಲ್ಲಿಗೆ ಹೋದೆ, ಇಂಥವರಿಗೆ ಕೊಟ್ಟೆ. ಕೇಳುವಾಗ ಮಿದುಳಿನಲ್ಲಿ ಏಳುವ ಅಲೆಗಳಿಂದ, ಆ ವಾಕ್ಯ ನೆನಪನ್ನು ಮುಟ್ಟಿತೋ ಬರಿಯ ಅರ್ಥವನ್ನು ಮುಟ್ಟಿತೋ ಎಂದು ಗಣಕ ನಿರ್ಧರಿಸುತ್ತದೆಂಬುದು ಈ ವಿಧಾನದ ಪ್ರತಿಪಾದನೆ.

ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಮೊದಲು ಕಾಣುವುದು ಯಂತ್ರವಲ್ಲ, ನಿರೂಪಣೆ. ಕಥೆಯನ್ನು ಬರೆದವರು ತನಿಖೆಯವರು. ಅದರ ‘ನಾನು’ ಮಾತ್ರ ಆರೋಪಿ. ಕೃತಿಕಾರನೇ ಬೇರೆ, ನಿರೂಪಕನೇ ಬೇರೆ ಎಂಬುದು ವಿಮರ್ಶೆಯ ಮೊದಲ ಪಾಠ. ಉತ್ತಮ ಪುರುಷದ ಕಾದಂಬರಿ ಓದುವಾಗ ನಾವು ಆ ‘ನಾನು’ವಿನೊಳಗೆ ಹೊಕ್ಕು ನಡುಗುತ್ತೇವೆ, ಬೆವರುತ್ತೇವೆ. ಕೊಲೆಯ ಆಪಾದನೆ ಹೊತ್ತು ತಿಂಗಳುಗಟ್ಟಲೆ ವಿಚಾರಣೆಗೆ ಒಳಗಾದವನು ತನ್ನ ಹೆಸರಿನಲ್ಲಿ ಕಟ್ಟಿದ ಆ ಕಥೆಯನ್ನು ಎಷ್ಟು ಸಲ ಕೇಳಿರುತ್ತಾನೆ, ಎಷ್ಟು ರಾತ್ರಿ ಮನಸ್ಸಿನಲ್ಲೇ ನೋಡಿರುತ್ತಾನೆ! ಆ ಕಲ್ಪನೆಯ ಅನುಭವವನ್ನೂ ಕೃತ್ಯದ ಅನುಭವವನ್ನೂ ಬೇರ್ಪಡಿಸುವ ಹೊಣೆಯನ್ನು ಒಂದು ವಾಕ್ಯದ ಮೇಲೆ ಹೊರಿಸಲಾಗಿದೆ.

ಆ ವಾಕ್ಯ ಕನ್ನಡದ್ದಾದರೆ ತೊಡಕು ಇನ್ನೂ ಆಳವಾಗುತ್ತದೆ. ‘ಬಾಗಿಲು ಮುಚ್ಚಿದೆ’ ಎಂಬ ಎರಡು ಪದಗಳ ವಾಕ್ಯವನ್ನು ತೆಗೆದುಕೊಳ್ಳೋಣ. ಮುಚ್ಚಿದವನು ನಾನು ಎಂದಾಗಬಹುದು; ಮುಚ್ಚಿದವನು ನೀನು ಎಂದೂ ಆಗಬಹುದು; ಯಾರು ಮುಚ್ಚಿದರೋ, ಬಾಗಿಲಂತೂ ಮುಚ್ಚಿಕೊಂಡಿದೆ ಎಂದೂ ಆಗಬಹುದು. ‘ಹಾಲಿಗೆ ವಿಷ ಬೆರೆಸಿದೆ’ ಎಂಬುದೂ ಹಾಗೆಯೇ. ತಪ್ಪೊಪ್ಪಿಗೆ, ಆಪಾದನೆ, ಕಂಡದ್ದರ ವರದಿ: ಮೂರಕ್ಕೂ ಶಿಷ್ಟ ಕನ್ನಡದಲ್ಲಿ ಒಂದೇ ರೂಪ. ಕನ್ನಡದಲ್ಲಿ ಸರ್ವನಾಮವನ್ನು ಬಿಡುವುದು ಸಹಜ. ಕರ್ತೃವನ್ನು ಹೊರುವುದು ಕ್ರಿಯಾಪದದ ಕೊನೆಯ ಪ್ರತ್ಯಯ. ಆ ಪ್ರತ್ಯಯವೇ ಇಲ್ಲಿ ಮೂರು ದಿಕ್ಕಿಗೆ ಮುಖ ಮಾಡಿ ನಿಂತಿದೆ. ‘ನಾನು’ ಎಂದು ಮೊದಲಿಗೆ ಸೇರಿಸಿದರೆ ಗೊಂದಲ ಕಳೆಯುತ್ತದಲ್ಲ ಎನ್ನಬಹುದು. ಕಳೆಯುತ್ತದೆ, ಆದರೆ ಕನ್ನಡದ ಕಿವಿಗೆ ಅಗತ್ಯವಿಲ್ಲದ ಕಡೆ ಬಂದ ‘ನಾನು’ ಒತ್ತಿನ ‘ನಾನು’ವಾಗಿ ಕೇಳಿಸುತ್ತದೆ. ಬೇರೆ ಯಾರೂ ಅಲ್ಲ, ನಾನೇ ಎಂಬ ಧ್ವನಿ ಅದಕ್ಕೆ ತಾನಾಗಿ ಬರುತ್ತದೆ. ಆ ಒತ್ತಿಗೆ ಎದೆ ಹಾರಿದರೆ ಅದು ಕೃತ್ಯದ ನೆನಪೋ ವ್ಯಾಕರಣದ ಹೊಡೆತವೋ?

ಮರಾಠಿಯ ರಚನೆ ಬೇರೆ. ‘ಮೀ ದಾರ ಬಂದ ಕೇಲಂ’ ಎಂಬಲ್ಲಿ ಕ್ರಿಯಾಪದವು ಬಾಗಿಲೆಂಬ ಕರ್ಮವನ್ನು ಅನುಸರಿಸುತ್ತದೆ. ಕರ್ತೃ ಇರುವುದು ವಾಕ್ಯದ ಮೊದಲ ಅಕ್ಷರದಲ್ಲಿ. ಹಿಂದಿಯ ‘ಮೈಂನೇ ದರವಾಜಾ ಬಂದ ಕಿಯಾ’ ಎಂಬುದೂ ಈ ಜಾತಿಯದೇ. ಅಂದರೆ ಮರಾಠಿ ಕೇಳುವವನಿಗೆ ಯಾರೆಂಬುದು ಮೊದಲೇ ತಿಳಿದು ಏನೆಂಬುದು ಆಮೇಲೆ ಬರುತ್ತದೆ. ಸರ್ವನಾಮವಿಲ್ಲದ ಕನ್ನಡ ವಾಕ್ಯದಲ್ಲಿ ಏನೆಂಬುದು ಮೊದಲು, ಯಾರೆಂಬುದು ಕಟ್ಟಕಡೆಗೆ. ಕ್ಷಣದ ಸಣ್ಣ ಪಾಲುಗಳಲ್ಲಿ ಅಲೆಗಳನ್ನು ಅಳೆಯುವ ವಿಧಾನವೊಂದು ವಾಕ್ಯರಚನೆಯ ಈ ಅಂತರವನ್ನು ಲೆಕ್ಕಕ್ಕೆ ಹಿಡಿಯದೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಲಾಗದು.

ಇದು ಬರಿಯ ವ್ಯಾಕರಣದ ಆಟವೆಂದು ತೋರದಿರಲು ನಾವು ಪುಣೆಯ ದಕ್ಷಿಣಕ್ಕಿರುವ ಬಿಬವೇವಾಡಿಯ ಕಡೆಗೆ ಹೊರಳಬೇಕು. ಮಾರ್ಕೆಟ್ ಯಾರ್ಡ್‌ಗೆ ಹತ್ತಿಕೊಂಡಂತಿರುವ, ಗುಡ್ಡದ ಇಳಿಜಾರಿಗೆ ದುಡಿಯುವವರ ಮನೆಗಳು ಹಬ್ಬಿರುವ ಬಡಾವಣೆ ಅದು. ಕಾರ್ಮಿಕ ರಾಜ್ಯ ವಿಮಾ ನಿಗಮದ ಆಸ್ಪತ್ರೆಯೂ ಅಲ್ಲಿದೆ. ಪುಣೆಯ ಇಂಥ ಬಡಾವಣೆಗಳಿಗೆ ಕಲಬುರಗಿ, ವಿಜಯಪುರ, ಸೊಲ್ಲಾಪುರದ ಕಡೆಗಳಿಂದ ದುಡಿಮೆಗೆ ಬಂದವರ ಕನ್ನಡ ಪಠ್ಯಪುಸ್ತಕದ ಕನ್ನಡವಲ್ಲ. ಮೇಲಿನ ಮೂರು ಅರ್ಥಗಳಿಗೆ ಅವರಲ್ಲಿ ಬೇರೆ ಬೇರೆ ರೂಪಗಳೇ ಇವೆ: ನಾ ಮುಚ್ಚಿದೆ, ನೀ ಮುಚ್ಚಿದಿ, ಬಾಗಲಾ ಮುಚ್ಚೇದ. ಶಿಷ್ಟ ಭಾಷೆ ಕಲಸಿಹಾಕಿದ್ದನ್ನು ಆಡುಮಾತು ಬಿಡಿಸಿಟ್ಟುಕೊಂಡಿದೆ. ಹಾಗಿರುವಾಗ ಬಾಗಿಲು ಮುಚ್ಚಿರುವುದನ್ನು ಕಂಡೆನೆಂದು ತಿಳಿಸಲು ಬರೆದ ‘ಮುಚ್ಚಿದೆ’ ಎಂಬ ಶಿಷ್ಟರೂಪ ಈ ಕೇಳುಗನ ಕಿವಿಯಲ್ಲಿ ‘ನಾನೇ ಮುಚ್ಚಿದೆ’ ಎಂದಾಗಿಬಿಡುವ ಸಂಭವವಿದೆ. ಕನ್ನಡಿಗನಿಗೆ ಕನ್ನಡದಲ್ಲೇ ಪರೀಕ್ಷೆ ನಡೆಯಿತೆಂಬ ಸಮಾಧಾನ ಎಷ್ಟು ಪೊಳ್ಳೆಂಬುದು ಇದರಿಂದ ತಿಳಿಯುತ್ತದೆ.

ನ್ಯಾಯಾಲಯದ ಮಾತು ಬಿಟ್ಟು ಆಸ್ಪತ್ರೆಯ ಮಾತಿಗೆ ಬಂದರೂ ಇದೇ ಪ್ರಶ್ನೆ. ಈ ಸೀಮೆಯ ಹೆಂಗಸೊಬ್ಬಳು ವೈದ್ಯರೆದುರು ‘ಜೀವ ಬ್ಯಾಸರಾಗೇದ’ ಎಂದಳೆಂದುಕೊಳ್ಳೋಣ. ಬರಿಯ ಬೇಸರವೆಂದು ಕೇಳಿಸಿಕೊಂಡ ದುಭಾಷಿ ಮರಾಠಿಯಲ್ಲಿ ‘ಕಂಟಾಳಾ’ ಎಂದರೆ ಅದು ಹೊತ್ತು ಹೋಗದ ಬೇಸರವಾಗುತ್ತದೆ. ಆಕೆ ಹೇಳಿದ್ದರಲ್ಲಿ ‘ಜೀವ’ವಿತ್ತು. ಆ ಒಂದು ಪದ ಉಳಿದರೆ ಬದುಕು ಸಾಕೆನ್ನಿಸಿದೆಯೇ ಎಂದು ವೈದ್ಯರು ಮುಂದಿನ ಪ್ರಶ್ನೆ ಕೇಳುತ್ತಾರೆ. ಬಿಟ್ಟುಹೋದರೆ ನಿದ್ರೆಯ ಮಾತ್ರೆ ಕೊಟ್ಟು ಕಳಿಸಿಬಿಡಬಹುದು. ಸೋಜಿಗವೆಂದರೆ ‘ಜೀವ ಘಾಬರಿ ಆಗ್ತದ’ ಎಂಬ ಮಾತಿಗೆ ಈ ಅಪಾಯವಿಲ್ಲ. ಮರಾಠಿಯಲ್ಲೂ ಜೀವವೇ ಘಾಬರಿಗೊಳ್ಳುತ್ತದೆ. ಗಡಿಸೀಮೆಯ ಭಾಷೆಗಳು ಕೆಲವು ಸಂಕಟಗಳನ್ನು ಹಂಚಿಕೊಂಡಿವೆ, ಕೆಲವನ್ನು ಹಂಚಿಕೊಂಡಿಲ್ಲ. ಯಾವುದು ಯಾವುದೆಂಬ ಪಟ್ಟಿ ವೈದ್ಯರ ಕೈಯಲ್ಲಿಲ್ಲದಿದ್ದರೆ ಅದು ವೈದ್ಯರ ದೋಷವಲ್ಲ. ಆ ಪಟ್ಟಿಯನ್ನು ಮಾಡಬೇಕಾದವರು ಭಾಷೆಯ ಕೆಲಸದವರು.

ಈ ಎರಡು ಭಾಷೆಗಳನ್ನು ಒಟ್ಟಿಗಿಟ್ಟು ಮನಸ್ಸನ್ನು ಅಳೆಯಲು ಹೊರಟ ಒಬ್ಬರು ನಮ್ಮಲ್ಲಿದ್ದರು. ವಿ. ವಿ. ಕಾಮತರು ಬಿನೆ ಮಾಪಕವನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗಾಗಿ ಪರಿಷ್ಕರಿಸಿ, ಆ ಕೆಲಸದ ವಿವರವನ್ನು 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಪ್ರಕಟಿಸಿದರು. ‘ಮುಂಬಯಿ–ಕರ್ನಾಟಕ ಪರಿಷ್ಕರಣೆ’ ಎಂದೇ ಅದಕ್ಕೆ ಹೆಸರು. ಧಾರವಾಡವೂ ಪುಣೆಯೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದ ಕಾಲದ ಸಹಜ ಕೂಸು ಅದು. ಬಿನೆ–ಕಾಮತ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ದೇಶದ ಚಿಕಿತ್ಸಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದರ ಮಾನದಂಡಗಳು ಹಳತಾಗಿವೆಯೆಂಬ ಆಕ್ಷೇಪ ಸರಿಯಾದುದೇ. ಆದರೂ ಕಾಮತರ ನಡೆಯಲ್ಲಿ ಒಂದು ವಿವೇಕವನ್ನು ನಾವು ಕಾಣುತ್ತೇವೆ. ಪ್ಯಾರಿಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಪರೀಕ್ಷೆಯೊಂದನ್ನು ಇಲ್ಲಿನ ಮಗುವಿನ ಮುಂದಿಡುವ ಮೊದಲು ಅದನ್ನು ಮಗುವಿನ ಭಾಷೆಯಲ್ಲಿ ತೂಗಿನೋಡಬೇಕೆಂದು ಅವರಿಗೆ ತೋರಿತು. ಪದಗಳ ಅರ್ಥ ಹೇಳುವುದು, ಮಾತಿನಲ್ಲಿನ ಅಸಂಬದ್ಧತೆ ಹುಡುಕುವುದು ಮುಂತಾದವು ಭಾಷೆ ಬದಲಾದಂತೆ ಸುಲಭವೂ ಆಗಬಹುದು, ಕಷ್ಟವೂ ಆಗಬಹುದು. ಎಪ್ಪತ್ತು ವರ್ಷಗಳ ತರುವಾಯ ಬಂದ ಮಿದುಳಿನ ಪರೀಕ್ಷೆಗೆ, ಒಬ್ಬರ ಜೀವಾವಧಿ ನಿರ್ಧಾರವಾಗುವ ಹೊತ್ತಿನಲ್ಲಿ, ಈ ಎಚ್ಚರ ಎಷ್ಟಿತ್ತು?

ಕಾಮತರ ಮಾಪಕಕ್ಕೂ ಒಂದು ಎಲ್ಲೆಯಿದೆ. ಅದರ ಮಗು ಕನ್ನಡದ್ದೋ ಮರಾಠಿಯದೋ ಆಗಿರಬೇಕು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ದೂರದರ್ಶನದಲ್ಲಿ ಹಿಂದಿ ಕೇಳುತ್ತ ಬೆಳೆಯುವ ಬಿಬವೇವಾಡಿಯ ಮಗು ಯಾವ ಅಂಕಣಕ್ಕೂ ಪೂರ್ತಿ ಸಲ್ಲುವುದಿಲ್ಲ. ಬುದ್ಧಿಯ ಕೊರತೆಯೆಂದು ದಾಖಲಾಗುವುದು ಆಗಾಗ ಎರಡು ಭಾಷೆಗಳ ನಡುವಿನ ತಡವರಿಕೆಯಾಗಿರಲು ಸಾಧ್ಯವಿದೆ.

ಕನ್ನಡ ಸಾಹಿತ್ಯ ಈ ವಿಚಾರದಲ್ಲಿ ಕೈಕಟ್ಟಿ ಕೂತಿರಲಿಲ್ಲ. ‘ಕೊರವಂಜಿ’ಯ ಸಂಪಾದಕರಾಗಿ ನಗಿಸಿದ ವೈದ್ಯ ರಾಶಿ, ಅಂದರೆ ಎಂ. ಶಿವರಾಂ, ಮನೋವೈದ್ಯದ ವಿಚಾರಗಳನ್ನು ‘ಮನಮಂಥನ’ದಲ್ಲಿ ಕನ್ನಡದ ಮಾತಿಗೆ ಒಗ್ಗಿಸಿದರು, 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಅವರಿಗಿಂತ ಮೊದಲೇ, ಮೈಸೂರಿನಲ್ಲಿ ಮನೋವಿಜ್ಞಾನ ಓದಿದ ತ್ರಿವೇಣಿ ‘ಶರಪಂಜರ’ವನ್ನು ಬರೆದಿದ್ದರು. ಪುಟ್ಟಣ್ಣ ಕಣಗಾಲ್ ಅವರ ಚಲನಚಿತ್ರದ ಮೂಲಕ ಇದನ್ನು ಬಲ್ಲವರೇ ಹೆಚ್ಚು. ಅಲ್ಲಿಯ ಕಾವೇರಿಯನ್ನು ಅನುಕಂಪದಿಂದ ನೋಡಿ ಸುಮ್ಮನಾಗುವುದು ರೂಢಿ. ನಮಗೆ ಮುಖ್ಯವೆನಿಸುವುದು ಬೇರೆ. ಹೆರಿಗೆಯ ನಂತರ ಕಾಯಿಲೆಬಿದ್ದು, ಗುಣವಾಗಿ ಮನೆಗೆ ಮರಳಿದವಳ ನಗು, ಮೌನ, ಸಿಟ್ಟು ಎಲ್ಲವನ್ನೂ ಸುತ್ತಲಿನವರು ಸಾಕ್ಷ್ಯವಾಗಿ ಓದತೊಡಗುತ್ತಾರೆ. ಆಕೆ ಏನು ಹೇಳುತ್ತಿದ್ದಾಳೆಂದು ಕೇಳುವವರಿಲ್ಲ, ಆ ಮಾತು ಏನನ್ನು ಬಯಲುಮಾಡುತ್ತಿದೆಯೆಂದು ನೋಡುವವರೇ ಎಲ್ಲ. ಮನೆಯೇ ವಿಧಿವಿಜ್ಞಾನದ ಪ್ರಯೋಗಾಲಯವಾದಾಗ ಗುಣವಾದ ಮನಸ್ಸೂ ಮತ್ತೆ ಮುರಿಯುತ್ತದೆಂಬುದನ್ನು ತ್ರಿವೇಣಿ ಕಂಡಿದ್ದರು. ಚಿಕಿತ್ಸೆಯ ಆಲಿಕೆಗೂ ತನಿಖೆಯ ಆಲಿಕೆಗೂ ಇರುವ ಭೇದವನ್ನು ಇಷ್ಟು ಸ್ಪಷ್ಟವಾಗಿ ತೋರುವ ಇನ್ನೊಂದು ಕನ್ನಡ ಕಾದಂಬರಿ ನಮಗೆ ನೆನಪಾಗುವುದಿಲ್ಲ. ರೋಗಿಯ ಮಾತು ರೋಗಿಯ ಹಿತಕ್ಕೆ. ಆರೋಪಿಯ ಮಾತು ಆರೋಪಿಯ ವಿರುದ್ಧ. ಚಿಕಿತ್ಸಾಲಯದಲ್ಲಿ ಹುಟ್ಟಿದ ಉಪಕರಣ ನ್ಯಾಯಾಲಯಕ್ಕೆ ನಡೆದುಹೋದಾಗ ಈ ಭೇದ ಮಸುಕಾಯಿತು.

ಒಂದು ಪದದ ಬಗ್ಗೆ ಇಲ್ಲೇ ಹೇಳಿಬಿಡಬೇಕು. ನಾರ್ಕೋ ಪರೀಕ್ಷೆಯಲ್ಲಿ ಕೊಡುವ ಮದ್ದನ್ನು ಇಂಗ್ಲಿಷಿನವರು ಸತ್ಯದ ಮದ್ದೆಂದು ಕರೆದರು. ಕನ್ನಡ ಪತ್ರಿಕೆಗಳು ಇಡೀ ಪರೀಕ್ಷೆಗೆ ‘ಮಂಪರು ಪರೀಕ್ಷೆ’ ಎಂಬ ಹೆಸರು ಕೊಟ್ಟವು. ಅನಾಮಧೇಯ ಉಪಸಂಪಾದಕನೊಬ್ಬ ಮಾಡಿರಬಹುದಾದ ಈ ಪದದಲ್ಲಿ ಸತ್ಯದ ಸೋಗಿಲ್ಲ. ಮನುಷ್ಯನ ಸ್ಥಿತಿಯಷ್ಟೇ ಇದೆ.

ಸೆಲ್ವಿ ತೀರ್ಪಿನ ಘನತೆ ದೊಡ್ಡದು. ಮೌನವಾಗಿ ಕುಳಿತವನಿಂದ ಮಿದುಳಿನ ಅಲೆಯನ್ನು ಪಡೆಯುವುದೂ ಅವನಿಂದ ಸಾಕ್ಷ್ಯ ನುಡಿಸಿದಂತೆಯೇ ಎಂದು ಅದು ಗುರುತಿಸಿತು. ಸಮ್ಮತಿಯಿಂದ ನಡೆದ ಪರೀಕ್ಷೆಯ ಫಲಿತಾಂಶವೂ ತಾನಾಗಿಯೇ ಸಾಕ್ಷ್ಯವಾಗದು. ಅದರ ನೆರವಿನಿಂದ ಆಮೇಲೆ ಪತ್ತೆಯಾದ ಸಂಗತಿಯನ್ನು ಮಾತ್ರ ಕಾನೂನಿನಂತೆ ಪರಿಗಣಿಸಬಹುದು ಎಂದಿತು. 2025ರ ಜೂನ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿದು ಪಟ್ನಾ ಉಚ್ಚ ನ್ಯಾಯಾಲಯದ ಆದೇಶವನ್ನು ತಳ್ಳಿಹಾಕಿತು. ಆದರೆ ಸಮ್ಮತಿಯ ಬಾಗಿಲು ತೆರೆದೇ ಇದೆ. ಪುಣೆಯ ಯುವತಿಯೂ ಪರೀಕ್ಷೆಗೆ ಒಪ್ಪಿದ್ದಳೆಂಬುದನ್ನು ಮರೆಯಲಾಗದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ ಪಾಲಿಗ್ರಾಫ್ ಪರೀಕ್ಷೆಗೆಂದು ಮಾಡಿದ ಮಾರ್ಗಸೂಚಿಗಳನ್ನು ಈ ಪರೀಕ್ಷೆಗಳಿಗೂ ಅನ್ವಯಿಸುವಂತೆ ಸೆಲ್ವಿ ತೀರ್ಪು ಹೇಳಿದೆ. ಸಮ್ಮತಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು, ವಕೀಲರಿರಬೇಕು, ಪರೀಕ್ಷೆಯ ಪರಿಣಾಮಗಳನ್ನು ವಿವರಿಸಬೇಕು, ಹೇಳಿಕೆಯ ಸ್ಥಾನಮಾನವನ್ನು ಸ್ಪಷ್ಟ ಮಾತುಗಳಲ್ಲಿ ತಿಳಿಸಬೇಕು ಎಂಬ ಸೂಚನೆಗಳು ಅಲ್ಲಿವೆ. ಯಾವ ಭಾಷೆಯಲ್ಲಿ ಸ್ಪಷ್ಟ ಎಂಬ ಮಾತಿಲ್ಲ. ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತಿಳಿಯುವ ಭಾಷೆಗೆ ಅನುವಾದಿಸಿ ಹೇಳಬೇಕೆಂಬ ನಿಯಮ ತೆರೆದ ನ್ಯಾಯಾಲಯಕ್ಕೆ ಬಹುಕಾಲದಿಂದಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ರೋಗಿಗೆ ಮಾಹಿತಿಯನ್ನು ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆನ್ನುತ್ತದೆ. ಇವೆರಡರ ನಡುವಿನ ಆ ಕೋಣೆಯಲ್ಲಿ, ಟೋಪಿ ತೊಟ್ಟು ಕಣ್ಣು ಮುಚ್ಚಿ ಕುಳಿತವನಿಗೆ, ಭಾಷೆಯ ಹಕ್ಕನ್ನು ಯಾರೂ ಬರೆದುಕೊಟ್ಟಿಲ್ಲ.

ರಾಜ್ಯದ ಹೊರಗಿರುವ ಕನ್ನಡ ಪೀಠಗಳಿಗೆ ಇಲ್ಲಿ ಒಂದು ಕೆಲಸ ಕಾಣುತ್ತದೆ. ಪುಣೆ, ಸೊಲ್ಲಾಪುರ, ಮುಂಬಯಿಗಳ ದುಡಿಯುವ ಕನ್ನಡಿಗರ ಆಡುಮಾತಿನಿಂದ ಮನಸ್ಸಿನ ಸಂಕಟ, ನೆನಪು, ಒಪ್ಪಿಗೆ, ನಿರಾಕರಣೆಗಳನ್ನು ಹೇಳುವ ನುಡಿಗಟ್ಟುಗಳನ್ನು ಕ್ರಿಯಾರೂಪಗಳ ಸಮೇತ ಸಂಗ್ರಹಿಸಿ, ಪ್ರತಿಯೊಂದರ ಎದುರು ಅದರ ಮರಾಠಿ ಸಮಾನರೂಪವನ್ನೂ, ಸಮಾನರೂಪವಿಲ್ಲದ ಕಡೆ ಕಳೆದುಹೋಗುವ ಅರ್ಥವನ್ನೂ ಗುರುತುಮಾಡಬೇಕು. ‘ಆಗಲಿ’ ಎಂಬ ಒಂದು ಪದದಿಂದಲೇ ಇದನ್ನು ಆರಂಭಿಸಬಹುದು. ಅಧಿಕಾರಿಯ ಮುಂದೆ ನಿಂತ ಕೂಲಿಯವನು ‘ಆಗಲಿ ಸಾಹೇಬ್ರ’ ಎಂದಾಗ ಅದು ಒಪ್ಪಿಗೆಯೋ, ಕೇಳಿಸಿಕೊಂಡೆನೆಂಬ ಸೂಚನೆಯೋ, ಬೇರೆ ದಾರಿಯಿಲ್ಲವೆಂಬ ಮಾತೋ ಎಂಬುದನ್ನು ಸಮ್ಮತಿಪತ್ರದ ಒಂದು ಗೆರೆ ಹೇಳಲಾರದು.