ಗೌಟ್ ಪಥ್ಯ: ಬಿಡಬೇಕಾದದ್ದು ಒಂದು, ಬಿಡಿಸುವುದು ಇನ್ನೊಂದು

ಗೌಟ್ ಬಂದ ಮನೆಯಲ್ಲಿ ಮಾತ್ರೆಗಿಂತ ಮೊದಲು ಪಥ್ಯ ಶುರುವಾಗುತ್ತದೆ. ತೊಗರಿಬೇಳೆ, ಕಾಳು, ಪಾಲಕ್, ಅಣಬೆ, ಹೂಕೋಸು ಒಂದೊಂದಾಗಿ ಅಡುಗೆಮನೆಯಿಂದ ಹೊರಬೀಳುತ್ತವೆ. ಈ ಪಟ್ಟಿಯ ಹಿಂದೊಂದು ತರ್ಕವೇನೋ ಇದೆ. ಪ್ಯೂರಿನ್ ಎಂಬ ಅಂಶ ದೇಹದಲ್ಲಿ ಒಡೆದು ಯೂರಿಕ್ ಆಮ್ಲವಾಗುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಡೆಸಿಲೀಟರಿಗೆ ಸುಮಾರು 6.8 ಮಿ.ಗ್ರಾಂ ಮೀರಿದರೆ ಕೀಲುಗಳಲ್ಲಿ ಸೂಜಿಯಂಥ ಹರಳು ಕಟ್ಟಬಹುದು. ಕಾಲಿನ ಹೆಬ್ಬೆರಳಿನ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಪ್ರಾಣ ಹೋದಂತಾಗುತ್ತದೆ. ಬೇಳೆ, ಪಾಲಕ್‌ಗಳಲ್ಲಿ ಪ್ಯೂರಿನ್ ಇರುವುದೂ ನಿಜ.

ತರ್ಕ ಎಡವುವುದು ಇದರ ಮುಂದೆ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 47,150 ಪುರುಷರನ್ನು 12 ವರ್ಷ ಗಮನಿಸಿತ್ತು. ಮಾಂಸ, ಮೀನು ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚಿತ್ತು. ಪ್ಯೂರಿನ್ ಇರುವ ತರಕಾರಿ ತಿಂದವರಲ್ಲಿ ಹೆಚ್ಚಿರಲಿಲ್ಲ. ಹಾಲು, ಮೊಸರು ಬಳಸುವವರಲ್ಲಿ ಕಡಿಮೆಯೇ ಇತ್ತು. ಪ್ರಮಾಣದ ಅಂತರವೂ ಸಣ್ಣದಲ್ಲ. ನೂರು ಗ್ರಾಂ ಕೋಳಿ ಲಿವರ್‌ನಲ್ಲಿ ಸುಮಾರು 300 ಮಿ.ಗ್ರಾಂ ಪ್ಯೂರಿನ್ ಇದ್ದರೆ, ಅಷ್ಟೇ ಪಾಲಕ್‌ನಲ್ಲಿ 50ರ ಆಸುಪಾಸು. ಹೀಗಿದ್ದೂ ಸಾರಿನ ಬೇಳೆಯನ್ನು ಬಿಡಿಸುವವರು ವಾರಾಂತ್ಯದ ಬಿಯರಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಮದ್ಯಗಳಲ್ಲಿ ಗೌಟ್‌ಗೆ ಅತಿ ಹತ್ತಿರದ ನಂಟು ಬಿಯರಿನದೇ: ಆಲ್ಕೋಹಾಲ್ ಜತೆಗೆ ಪ್ಯೂರಿನ್ನೂ ಅದರಲ್ಲಿದೆ. ಸಕ್ಕರೆ ಹಾಕಿದ ತಂಪು ಪಾನೀಯಗಳ ಮೇಲೂ ಪಟ್ಟಿಯ ಕಣ್ಣು ಬೀಳುವುದಿಲ್ಲ. ಅವುಗಳಲ್ಲಿ ಪ್ಯೂರಿನ್ ಇಲ್ಲ. ಆದರೆ ಫ್ರಕ್ಟೋಸನ್ನು ಯಕೃತ್ತು ಅರಗಿಸುವಾಗ ಯೂರಿಕ್ ಆಮ್ಲ ಹುಟ್ಟುತ್ತದೆ. ಮೀನಿನ ವಿಷಯಕ್ಕೆ ಬಂದರೆ, ಕರಾವಳಿಯವರಿಗೆ ಬೂತಾಯಿ ಕಡಿಮೆ ಮಾಡುವುದು ಕಷ್ಟದ ಮಾತು, ಆದರೂ ಹೇಳಬೇಕಾದ ಮಾತು. ಸಸ್ಯಾಹಾರಿಯ ತಟ್ಟೆಯಿಂದ ಬೇಳೆಯನ್ನೇ ಕಿತ್ತರೆ ಪ್ರೋಟೀನ್ ಹೋಗುತ್ತದೆ, ಗೌಟ್ ಉಳಿಯುತ್ತದೆ.

ಸರಿಯಾದ ಪಥ್ಯಕ್ಕೂ ಮಿತಿಯಿದೆ. ದೇಹದ ಯೂರಿಕ್ ಆಮ್ಲದಲ್ಲಿ ಮೂರರಲ್ಲಿ ಎರಡು ಪಾಲು ದೇಹವೇ ತಯಾರಿಸಿಕೊಳ್ಳುವಂಥದು, ಮತ್ತು ಬಹುತೇಕರಲ್ಲಿ ಮೂಲ ತೊಂದರೆ ಮೂತ್ರಪಿಂಡ ಅದನ್ನು ಸಾಕಷ್ಟು ಹೊರಹಾಕದಿರುವುದು. ಕಟ್ಟುನಿಟ್ಟಿನ ಪಥ್ಯದಿಂದ ಇಳಿಯುವುದು ಸುಮಾರು 1 ಮಿ.ಗ್ರಾಂ ಮಾತ್ರ. 9ರಲ್ಲಿ ಇರುವವರನ್ನು ವೈದ್ಯರು ಗುರಿಯಿಡುವ 6ರ ಕೆಳಗೆ ತರಲು ಅದು ಸಾಲದು. ಯೂರಿಕ್ ಆಮ್ಲದ ಏರುಪೇರಿನಲ್ಲಿ ಆಹಾರಕ್ಕಿಂತ ವಂಶವಾಹಿಗಳ ಪಾಲು ಬಹಳ ದೊಡ್ಡದೆಂದು 2018ರ ಒಂದು ವಿಶ್ಲೇಷಣೆಯೂ ತೋರಿಸಿತು.

ಆದರೂ ಪಥ್ಯಕ್ಕೆ ಇಷ್ಟು ಹೆಸರು ಬಂದದ್ದು ರೋಗದ ಸ್ವಭಾವದಿಂದಲೇ. ಗೌಟ್‌ನ ನೋವು ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಆ ವಾರಗಳಲ್ಲಿ ಏನು ಬಿಟ್ಟಿದ್ದರೂ ಶ್ರೇಯಸ್ಸು ಅದಕ್ಕೇ. ನೋವು ಜೋರಾಗಿರುವಾಗ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಸಹಜವೆಂದು ಬರುವುದೂ ಉಂಟು. ಇದು ಗೊತ್ತಿಲ್ಲದವರು ವರದಿ ನೋಡಿ ಪಥ್ಯ ಫಲಿಸಿತೆಂದು ನಂಬುತ್ತಾರೆ.

ತೂಕ ಇಳಿಸುವುದು ಉಪಯುಕ್ತ, ನಿಧಾನವಾಗಿ ಇಳಿಸಿದರೆ. ದಿಢೀರ್ ಉಪವಾಸದಲ್ಲಿ ಯೂರಿಕ್ ಆಮ್ಲ ಏರಿ ಕೀಲು ಮತ್ತೆ ಕೆರಳಬಹುದು. ಚೆರಿ ಹಣ್ಣಿನ ಪರವಾಗಿ ಒಂದಿಷ್ಟು ಸಾಕ್ಷ್ಯವಿದೆ, ಚಿಕಿತ್ಸೆಯೆನ್ನುವಷ್ಟಿಲ್ಲ. ವಿಟಮಿನ್ ಸಿ ಮಾತ್ರೆಯದು ಇನ್ನೂ ದುರ್ಬಲ. ನೀರು, ಕೆನೆ ತೆಗೆದ ಮಜ್ಜಿಗೆಗೆ ಅಡ್ಡಿಯಿಲ್ಲ. ಮತ್ತೆ ಮತ್ತೆ ನೋವು ಮರುಕಳಿಸುವವರಿಗೆ, ಕೀಲಿನ ಬಳಿ ಗಂಟು ಕಟ್ಟಿದವರಿಗೆ ಅಲೊಪುರಿನಾಲ್‌ನಂಥ ಔಷಧಿ ಬೇಕಾಗುತ್ತದೆ, ಅದೂ ವರ್ಷಗಟ್ಟಲೆ. ನೋವಿಲ್ಲದ ತಿಂಗಳುಗಳಲ್ಲೂ ಅದನ್ನು ನಿಲ್ಲಿಸುವಂತಿಲ್ಲ.